ತಲೆಯಾಡಿಸಿದೆ ಎಂದು ಬರೆದಿದ್ದೀಯಲ್ಲ

ತೀರ್ಥಹಳ್ಳಿ

ಚಿರಂಜೀವಿ ಪುಟ್ಟಿಗೆ ನಿನ್ನ ದೊಡ್ಡಪ್ಪ ಮಾಡುವ ಆಶೀರ್ವಾದಗಳು. ಉಭಯ ಕುಶಲೋಪರಿ.

ನಿನ್ನ ಪತ್ರ ಮೊನ್ನೆ ಬಂತು. ಈ ಕಾಲದಲ್ಲೂ ನೀನು ಕೈಯಲ್ಲಿ ಬರೆಯುತ್ತೀಯೆಂಬುದೇ ನನಗೆ ಸಂತೋಷ. ಹಾಸ್ಟೆಲಿನ ನೀರು ಸಾರು, ನೆಲದ ಮೇಲೇ ವಿಮಾನ ಹಾರಿಸಿ ಕಲಿಯುವ ಸಿಮ್ಯುಲೇಟರ್‌ನಲ್ಲಿ ರಾತ್ರಿ ಎರಡು ಗಂಟೆಗೆ ಶುರುವಾಗುವ ಸರದಿ, ಜೊತೆಗಾರ ಹುಡುಗನ ಅವಸರ, ಎಲ್ಲವನ್ನೂ ಓದಿ ನಕ್ಕೆ. ನಿನ್ನ ದೊಡ್ಡಮ್ಮನಿಗೂ ಓದಿ ಹೇಳಿದೆ. ಆದರೆ ಮೂರನೆಯ ಪುಟದ ಕೆಳಗಿನ ಒಂದು ಸಾಲನ್ನು ಮಾತ್ರ ಅವಳಿಗೆ ಓದಲಿಲ್ಲ. "ಅರ್ಥವಾಯಿತೇ ಎಂದು ಬೋಧಕರು ಕೇಳಿದರು. ಅರ್ಥವಾಗಿರಲಿಲ್ಲ. ತಲೆಯಾಡಿಸಿದೆ." ಅಷ್ಟು ಬರೆದು, ಮುಂದಿನ ಸಾಲಿನಲ್ಲೇ ದೇವನಹಳ್ಳಿಯ ಚಳಿಯ ವಿಷಯಕ್ಕೆ ಹೋಗಿಬಿಟ್ಟಿದ್ದೀಯೆ.

ಸಾಲದ ವಿಷಯ ನಿನ್ನ ಅಪ್ಪ ನನಗೆ ಹೇಳಿದ್ದಾನೆ, ಅದನ್ನು ಇಲ್ಲಿ ಎತ್ತುವುದಿಲ್ಲ. ಏರ್‌ಬಸ್ ಬಿಟ್ಟು ಬೋಯಿಂಗಿಗೆ ಏಕೆ ಹೋದೆ ಎಂಬುದನ್ನೂ ಕೇಳುವುದಿಲ್ಲ. ಐದು ವರ್ಷ ಎ320 ಹಾರಿಸಿದವಳಿಗೆ 737ರ ಕಾಕ್‌ಪಿಟ್ ಬೇರೆಯವರ ಅಡುಗೆಮನೆಯಂತೆ ಅನ್ನಿಸುವುದು ಸಹಜ. ಉಪ್ಪಿನ ಡಬ್ಬಿ ಇದೆ, ಇದ್ದ ಜಾಗದಲ್ಲಿ ಇಲ್ಲ. ಅದು ಎರಡು ವಾರದ ಮಾತು. ನನಗೆ ನಿದ್ದೆಗೆಡಿಸಿದ್ದು ಅದಲ್ಲ, ನೀನು ತಲೆಯಾಡಿಸಿದ್ದು.

ಏನಾಯಿತೆಂದು ನೀನು ಬರೆದದ್ದನ್ನು ನನ್ನ ಮಾತಿನಲ್ಲಿ ಮತ್ತೆ ಹೇಳಿ ನೋಡುತ್ತೇನೆ. ಇಳಿಯುತ್ತಿದ್ದಿರಿ, ವಿ-ನ್ಯಾವ್‌ನಲ್ಲಿ, ಅಂದರೆ ಏರಿಳಿತವನ್ನು ಕಂಪ್ಯೂಟರೇ ನೋಡಿಕೊಳ್ಳುವ ಸ್ಥಿತಿಯಲ್ಲಿ. ಎಂಜಿನ್ ಬಲದ ಹಿಡಿಕೆಗಳು, ಥ್ರಸ್ಟ್ ಲಿವರ್‌ಗಳು, ತಾವಾಗಿ ಹಿಂದೆ ಸರಿದವು. ಯಂತ್ರದ ಸ್ಥಿತಿ ತೋರಿಸುವ ಪರದೆಯ ಮೇಲ್ತುದಿಯಲ್ಲಿ ಮೊದಲು ರಿಟಾರ್ಡ್ ಎಂದು ಬಂತು, ಆಮೇಲೆ ಆರ್ಮ್ ಎಂದು. ಕೆಳಗೆ ಬಾಕ್ಸಿನಲ್ಲಿ, ಅಂದರೆ ದಾರಿ ಹಾಕುವ ಕಂಪ್ಯೂಟರಿನಲ್ಲಿ, ವೇಗ ಹೆಚ್ಚಾಗಿದೆ, ಬ್ರೇಕ್ ಎಳೆಯಿರಿ ಎಂಬರ್ಥದ ಸೂಚನೆ. ಈಗ ವೇಗ ಯಾರ ಕೈಯಲ್ಲಿದೆ, ನಿನ್ನದೋ ಯಂತ್ರದ್ದೋ ಎಂದು ನಿನಗೆ ಗೊತ್ತಾಗಲಿಲ್ಲ. ಬೋಧಕರು ಹಿಂದಿನಿಂದ ಫ್ರೀಜ್ ಒತ್ತಿ, ವಿವರಿಸಿ, ಕೇಳಿದರು. ನೀನು ತಲೆಯಾಡಿಸಿದೆ. ಸರಿ ತಾನೇ?

ಏರ್‌ಬಸ್‌ನಲ್ಲಿ ಲಿವರ್‌ಗಳು ಕ್ಲೈಂಬ್ ಎಂಬ ಕಚ್ಚಿನಲ್ಲಿ ಕುಳಿತರೆ ಅಲ್ಲಾಡುವುದಿಲ್ಲ. ಅದಕ್ಕೆ ಒಗ್ಗಿದ ನಿನಗೆ ಈಗ ಅವು ಅಲ್ಲಾಡಿದರೆ ಬೆಚ್ಚುವಂತಾಗುತ್ತದೆ. ನನಗೆ ಆದದ್ದು ತಿರುಗಾಮುರುಗಾ. ಹಳೆಯ 737-200ರಲ್ಲಿ ನನ್ನ ಬಲಗೈಗೆ ಎಂಜಿನ್ ಗೊತ್ತಿತ್ತು. ಕಣ್ಣು ಮುಚ್ಚಿದರೂ ಅಂಗೈ ಹೇಳುತ್ತಿತ್ತು. ಎ320ಕ್ಕೆ ಹೋದಾಗ ಆ ಕೈ ಕಿವುಡಾಯಿತು. ನಮ್ಮ ತೋಟದ ಕೊನೆಗಾರನನ್ನು ನೀನು ನೋಡಿದ್ದೀಯೆ. ಮೂವತ್ತು ವರ್ಷ ಅಡಿಕೆ ಮರ ಹತ್ತಿದವನು ಈಗ ಕಾರ್ಬನ್ ಫೈಬರ್ ದೋಟಿ ಹಿಡಿದು ನೆಲದಲ್ಲೇ ನಿಂತು ಕೊನೆ ಇಳಿಸುತ್ತಾನೆ. ಮೊದಲ ವರ್ಷ ಎಳೆಯ ಕೊನೆಗಳನ್ನೂ ಕೊಯ್ದು ಹಾಕಿದ. ಕೇಳಿದ್ದಕ್ಕೆ, "ಮರದ ಮೇಲಿದ್ದಾಗ ಕಾಲಿಗೇ ತಿಳಿಯುತ್ತಿತ್ತು ಅಯ್ಯಾ, ಈಗ ಕತ್ತು ನೋಯುವುದು ಮಾತ್ರ ತಿಳಿಯುತ್ತದೆ" ಎಂದ. ಆದರೆ ಅವನು ಅದನ್ನು ಬಾಯಿಬಿಟ್ಟು ಹೇಳಿದ. ನಾನು ಹೇಳಲಿಲ್ಲ.

1990ರ ಫೆಬ್ರವರಿ 14ರಂದು ನಾನೂ ನಿನ್ನ ಅಪ್ಪನೂ ಎಲ್ಲಿದ್ದೆವು, ಏನು ನೋಡಿದೆವು ಎಂಬುದು ಮನೆಯಲ್ಲಿ ಎಲ್ಲರೂ ಕೇಳಿ ಕೇಳಿ ಸವೆದ ಕತೆ, ಬಿಡು. ಮುಂಬಯಿಯಿಂದ ಬಂದ ಆ ಎ320 ಬೆಂಗಳೂರಿನ ಎಚ್‌ಎಎಲ್ ನಿಲ್ದಾಣದ ರನ್‌ವೇ ತಲುಪುವ ಮೊದಲೇ ಗಾಲ್ಫ್ ಮೈದಾನದಲ್ಲಿ ಬಿತ್ತು. 146 ಜನರಲ್ಲಿ 92 ಜನ ತೀರಿಕೊಂಡರು. ವಿಮಾನ ಹೊಚ್ಚ ಹೊಸತು, ಎರಡು ತಿಂಗಳೂ ತುಂಬಿರಲಿಲ್ಲ. ಎರಡು ಆಸನಗಳಲ್ಲೂ ಕ್ಯಾಪ್ಟನ್‌ಗಳೇ. ಎಂಜಿನ್‌ಗಳು ಐಡಲ್‌ನಲ್ಲಿ, ಅಂದರೆ ಅತಿ ಕಡಿಮೆ ಬಲದಲ್ಲಿದ್ದವು, ವಿಮಾನ ಹಾಗೆಯೇ ಇಳಿಯುವ ಓಪನ್ ಡಿಸೆಂಟ್ ಸ್ಥಿತಿಯಲ್ಲಿ ಇಳಿಯುತ್ತಿತ್ತು, ವೇಗ ಕರಗುತ್ತಿತ್ತು. ಇಳಿಯುವ ದರವನ್ನು ಕೊಡುವ ಗುಂಡಿಯ ಬದಲು ಪಕ್ಕದ ಎತ್ತರದ ಗುಂಡಿಯನ್ನು ತಿರುಗಿಸಿರಬಹುದು ಎಂಬ ಊಹೆ ತನಿಖೆಯಲ್ಲಿ ಬಂತು. ಯಾವ ಗುಂಡಿ ಎಂಬುದರ ಬಗ್ಗೆ ನಾವು ವರ್ಷಗಟ್ಟಲೆ ವಾದಿಸಿದೆವು. ನನಗೆ ಗುಂಡಿಗಿಂತ ಹೆಚ್ಚಾಗಿ ಕಾಡಿದ್ದು, ವೇಗ ಯಾರ ಕೈಯಲ್ಲಿದೆ ಎಂಬ ಪ್ರಶ್ನೆ ಅಲ್ಲಿ ತಡವಾಗಿ ಎದ್ದಿತಲ್ಲ ಎಂಬುದು. ನೀನು ಬರೆದದ್ದೂ ಅದೇ ಪ್ರಶ್ನೆ. ಅದಕ್ಕೇ ಆ ಪುಟವನ್ನು ಮಡಿಸಿ ಕನ್ನಡಕದ ಪೆಟ್ಟಿಗೆಯಲ್ಲಿ ಇಟ್ಟುಕೊಂಡು ಓಡಾಡುತ್ತಿದ್ದೇನೆ.

ನಿನ್ನನ್ನು ಹೆದರಿಸಲು ಬರೆದದ್ದಲ್ಲ. ಹೆದರಿಸಿದಂತೆ ಆಗಿದ್ದರೆ ಈ ಪ್ಯಾರಾ ಹರಿದುಹಾಕು.

ಎರಡು ವರ್ಷ ಕಳೆದ ಮೇಲೆ ಎ320 ತರಬೇತಿಗೆ ನನ್ನ ಸರದಿ ಬಂತು. ಹೈದರಾಬಾದಿನ ಸಿಮ್ಯುಲೇಟರ್. ಬೋಧಕ ನನಗಿಂತ ಆರು ವರ್ಷ ಚಿಕ್ಕವನು. ಒಂದು ಕಾಲದಲ್ಲಿ ನನ್ನ ಪಕ್ಕದಲ್ಲಿ ಕುಳಿತು ಕಲಿತವನು, ನನ್ನನ್ನು ಸರ್ ಎಂದು ಕರೆಯುವುದನ್ನು ಅಲ್ಲೂ ಬಿಡಲಿಲ್ಲ. ಅದೇ ನನಗೆ ಮುಳುವಾಯಿತು. ಗುಂಡಿಯನ್ನು ಒತ್ತಿದರೆ ಕಂಪ್ಯೂಟರ್ ನೋಡಿಕೊಳ್ಳುತ್ತದೆ, ಎಳೆದರೆ ನಾವು ನೋಡಿಕೊಳ್ಳಬೇಕು ಎಂದು ಅವನು ಮಗುವಿಗೆ ಹೇಳುವಷ್ಟು ತಾಳ್ಮೆಯಿಂದ ಹೇಳಿದ. ನಾವು ಎಳೆಯದೆಯೇ ಒಂದು ಸ್ಥಿತಿ ಹೋಗಿ ಇನ್ನೊಂದು ಏಕೆ ಬಂತು ಎಂದು ನನಗೆ ತಿಳಿಯಲಿಲ್ಲ. "ಸ್ಪಷ್ಟವಾಯಿತೇ ಸರ್?" ಎಂದ. ಜಕ್ಕೂರಿನಲ್ಲಿ ಪುಷ್ಪಕ್ ಎಂಬ ಪುಟ್ಟ ವಿಮಾನ ಹಾರಿಸಿ ಬಂದವನು, ಇಪ್ಪತ್ತು ವರ್ಷ ಆಕಾಶದಲ್ಲಿ ಕಳೆದವನು, ಆ ಹುಡುಗನ ಮುಂದೆ ಇಲ್ಲ ಎನ್ನಲೇ? ತಲೆಯಾಡಿಸಿದೆ. ರಾತ್ರಿ ಕೋಣೆಯಲ್ಲಿ ಕಾಗದದ ಕಾಕ್‌ಪಿಟ್ ಎದುರು ಕುಳಿತು ಒಬ್ಬನೇ ತಿಣುಕಿದೆ. ಹತ್ತನೆಯ ದಿನ ಪರೀಕ್ಷೆಯಲ್ಲಿ ಪಾಸೂ ಆದೆ. ಪರೀಕ್ಷೆಯಲ್ಲಿ ಆ ಪ್ರಶ್ನೆ ಬರಲಿಲ್ಲ, ಅಷ್ಟೇ.

ನಾನು ಕಲಿಯುವ ಕಾಲಕ್ಕೆ ಇನ್ನೂ ಉಳಿದಿದ್ದ ಒಂದು ಲಿಂಕ್ ಟ್ರೈನರ್‌ನಲ್ಲಿ, ಹಳೆಯ ಕಾಲದ ಸಿಮ್ಯುಲೇಟರ್‌ನಲ್ಲಿ, ಕೆಲವು ಗಂಟೆ ಕುಳಿತಿದ್ದೆ. 1929ರಲ್ಲಿ ಅದನ್ನು ಕಟ್ಟಿದ ಎಡ್ವಿನ್ ಲಿಂಕ್‌ನ ಮನೆಯವರದು ಆರ್ಗನ್ ವಾದ್ಯ ಮಾಡುವ ಕಾರ್ಖಾನೆ. ಹಾಗಾಗಿ ಒಳಗೆಲ್ಲ ತಿದಿಗಳು, ಹಾರ್ಮೋನಿಯಂ ಪೆಟ್ಟಿಗೆಯೊಳಗೆ ಕುಳಿತಂತೆ. ಮೇಲಿನ ಮುಚ್ಚಳ ಹಾಕಿದರೆ ಕತ್ತಲು. ಬೋಧಕ ಹೊರಗೆ ಮೇಜಿನ ಹತ್ತಿರ. ಅವನಿಗೆ ನಮ್ಮ ಮುಖ ಕಾಣುತ್ತಿರಲಿಲ್ಲ. ಮೇಜಿನ ಮೇಲಿನ ನಕ್ಷೆಯಲ್ಲಿ ಮೂರು ಗಾಲಿಯ ಪುಟ್ಟ ಯಂತ್ರವೊಂದು ನಮ್ಮ ದಾರಿಯನ್ನು ಶಾಯಿಯಲ್ಲಿ ಎಳೆಯುತ್ತಿತ್ತು. ಅದಕ್ಕೆ ಏಡಿ ಎಂದು ಹೆಸರು. ಒಳಗೆ ಎಷ್ಟು ತಲೆಯಾಡಿಸಿದರೂ ಪ್ರಯೋಜನವಿಲ್ಲ, ಏಡಿ ಎಳೆದ ಗೆರೆಯೇ ಸಾಕ್ಷಿ. ಆರು ಕಾಲುಗಳ ಮೇಲೆ ನಿಂತು ಓಲಾಡುವ, ಹೊರಗಿನ ಮೋಡವನ್ನೂ ತೋರಿಸುವ ನಿನ್ನ ಸಿಮ್ಯುಲೇಟರ್ ಎಷ್ಟೋ ಪಾಲು ಮೇಲು. ಆದರೆ ಅದರಲ್ಲಿ ಮುಖ ಕಾಣುತ್ತದೆ, ಮುಖ ಸುಳ್ಳು ಹೇಳುತ್ತದೆ.

ಈಗ ಯಾರಿಗೂ ಹೇಳದ ಸಂಗತಿ. ನಿನ್ನ ದೊಡ್ಡಮ್ಮನಿಗೂ ಗೊತ್ತಿಲ್ಲ.

ತರಬೇತಿ ಮುಗಿದು ಒಂದು ವರ್ಷವಾಗಿತ್ತು. ಮಳೆಗಾಲದ ಸಂಜೆ, ಕಲ್ಕತ್ತೆಗೆ ಇಳಿಯುತ್ತಿದ್ದೆವು. ಕೊನೆಯ ಗಳಿಗೆಯಲ್ಲಿ ರನ್‌ವೇ ಬದಲಾಯಿತು. ಬಾಕ್ಸಿನಲ್ಲಿ ಹೊಸ ರನ್‌ವೇ ಹಾಕುವಷ್ಟರಲ್ಲಿ ಕಂಟ್ರೋಲರ್ ಹೆಡಿಂಗ್, ಅಂದರೆ ಹಾರಬೇಕಾದ ದಿಕ್ಕು, ಕೊಟ್ಟರು, ನಾನು ಹೆಡಿಂಗ್ ಗುಂಡಿ ಎಳೆದೆ. ಪಕ್ಕದಲ್ಲಿದ್ದ ಹುಡುಗ, ಹೊಸಬ, ನಿನಗಿಂತ ಚಿಕ್ಕ ವಯಸ್ಸಿನವನು, ಮೇಲಿನ ಅಕ್ಷರ ನೋಡಿ, "ಸರ್, ಡಿಸೆಂಟ್ ಹೋಗಿ ವರ್ಟಿಕಲ್ ಸ್ಪೀಡ್ ಬಂದಿದೆ, ಯಾಕೆ?" ಎಂದು ಕೇಳಿದ. ಕಂಪ್ಯೂಟರಿನ ದಾರಿ ಹಿಡಿದು ಹೋಗುವ ನ್ಯಾವ್ ಬಿಟ್ಟರೆ, ಕಂಪ್ಯೂಟರೇ ಲೆಕ್ಕ ಹಾಕಿ ಇಳಿಸುವ ಆ ಡಿಸೆಂಟ್ ತಾನಾಗಿ ಬಿಟ್ಟುಹೋಗಿ, ಒಂದೇ ದರದಲ್ಲಿ ಇಳಿಸುವ ವರ್ಟಿಕಲ್ ಸ್ಪೀಡ್ ಬರುತ್ತದೆ ಎಂಬುದು ನಿನಗೆ ನಿದ್ದೆಯಲ್ಲೂ ಗೊತ್ತು. ನನಗೆ ಅಂದು ಗೊತ್ತಿರಲಿಲ್ಲ. ಹೈದರಾಬಾದಿನಲ್ಲಿ ತಲೆಯಾಡಿಸಿದ್ದು ಅದಕ್ಕೇ. "ಹೊರಗೆ ನೋಡು" ಎಂದೆ. ಆಟೋಪೈಲಟ್ ತೆಗೆದೆ, ಕೈಯಿಂದಲೇ ಇಳಿಸಿದೆ. ಮಳೆಯಲ್ಲಿ, ಅಡ್ಡಗಾಳಿಯಲ್ಲಿ, ಬೆಣ್ಣೆಯಂತೆ ಇಳಿಯಿತು. ಗೇಟಿಗೆ ಬಂದ ಮೇಲೆ ಹುಡುಗ, "ನಿಮ್ಮ ಕಾಲದವರ ಕೈಯೇ ಬೇರೆ ಸರ್" ಎಂದ. ನಾನು ಒಪ್ಪಿಕೊಂಡೆ!

ಆ ಮಾತಿಗೆ ಒಪ್ಪಿಕೊಂಡದ್ದು ಇಂದಿಗೂ ಚುಚ್ಚುತ್ತದೆ. ಯಂತ್ರವನ್ನು ನಂಬಿ ಕೂರಬೇಡಿ, ಕೈಯಿಂದ ಹಾರಿಸಿ ಎಂದು ನಮ್ಮಂಥ ಮುದುಕರು ಸಭೆಗಳಲ್ಲಿ ಹೇಳುತ್ತೇವಲ್ಲ, ಅದು ನಿಜವೇ. ಆದರೆ ಆ ಸಂಜೆ ನನ್ನ ಕೈಚಳಕ ಒಂದು ಪರದೆ. ಅದರ ಹಿಂದೆ ನನ್ನ ಅಜ್ಞಾನ ಬೆಚ್ಚಗೆ ಕುಳಿತಿತ್ತು. ಆ ಹುಡುಗನ ಜೊತೆ ಮತ್ತೆ ನಾಲ್ಕೈದು ಸಲ ಹಾರಿದೆ. ಅವನು ಮತ್ತೆ ಏನನ್ನೂ ಕೇಳಲಿಲ್ಲ. ಮುಂದೆ ಅವನೂ ಕ್ಯಾಪ್ಟನ್ ಆದ, ಒಂದು ಮದುವೆ ಮನೆಯಲ್ಲಿ ಸಿಕ್ಕಿದ, ಪಕ್ಕದ ಎಲೆಗೇ ಕುಳಿತಿದ್ದ. ಹೇಳಿಬಿಡೋಣ ಎಂದುಕೊಂಡೆ. ಅಷ್ಟರಲ್ಲಿ ಹೋಳಿಗೆ ಬಂತು.

ನಿನಗೆ ಏನು ಬುದ್ಧಿ ಹೇಳಲಿ? ನನ್ನ ಬಳಿ ಇರುವುದು ಚೂರುಪಾರು. ನಿನಗೆ ಸಿಕ್ಕಿರುವುದು ನನ್ನ ಹಳೆಯ ವಿಮಾನದ ಮೊಮ್ಮಗಳು. ಮೂತಿಯ ಏರಿಳಿತವನ್ನು ಹದಕ್ಕೆ ತರುವ, ಮೊಣಕಾಲಿನ ಪಕ್ಕದ ಟ್ರಿಮ್ ಚಕ್ರ ಈಗಲೂ ಟಕಟಕ ಎಂದು ತಿರುಗುತ್ತದೆಯಲ್ಲವೇ? ಅದರ ಹಿಡಿಕೆ ಹೊರಗಿದ್ದಾಗ ಮೊಣಕಾಲನ್ನು ದೂರ ಇಟ್ಟುಕೋ, ನನಗೆ ಪೆಟ್ಟು ಬಿದ್ದಿದೆ. ಲಿವರ್ ಅಲ್ಲಾಡಿದರೆ ಬೆಚ್ಚಬೇಡ, ಕೈ ಅದರ ಮೇಲೆಯೇ ಇರಲಿ. ಅದು ಮಾತಾಡುವ ವಿಮಾನ. ನಿನ್ನ ಹಳೆಯ ವಿಮಾನದಲ್ಲಿ ದಾರಿಯ ಗೆರೆ ಹಸಿರು, ಇದರಲ್ಲಿ ನೇರಳೆಗೆಂಪು. ಬಣ್ಣಕ್ಕೆ ಕಣ್ಣು ಬೇಗ ಒಗ್ಗುತ್ತದೆ, ಬಾಕ್ಸಿನಲ್ಲಿ ಹಾಕಿದ್ದನ್ನು ಜಾರಿಗೆ ತರುವ ಎಗ್ಜೆಕ್ ಗುಂಡಿಗೆ ಬೆರಳು ಅಷ್ಟು ಬೇಗ ಒಗ್ಗಬಾರದು. ಅದರ ದೀಪ ಹತ್ತಿತೆಂದರೆ ಬೆರಳು ತುರಿಸುತ್ತದೆ. ಒತ್ತುವ ಮೊದಲು ನಕ್ಷೆಯಲ್ಲಿ ಗೆರೆ ಎತ್ತ ಹೋಗಿದೆ ನೋಡು, ಪಕ್ಕದವನ ಬಾಯಿಂದ ಹೌದು ಎನ್ನಿಸು. 1995ರಲ್ಲಿ ಕೊಲಂಬಿಯಾದ ಕಾಲಿಯ ಹತ್ತಿರ ಒಂದು 757ರವರು ಬಾಕ್ಸಿನಲ್ಲಿ ಆರ್ ಎಂಬ ಒಂದೇ ಅಕ್ಷರ ಹೊಡೆದು, ಪಟ್ಟಿಯ ಮೊದಲ ಹೆಸರನ್ನು ಆರಿಸಿ, ಒಬ್ಬರನ್ನೊಬ್ಬರು ಕೇಳದೆ ಒತ್ತಿದರು. ಅವರಿಗೆ ಬೇಕಿದ್ದ ರೋಸೋ ಎಂಬ ರೇಡಿಯೋ ದಾರಿಗುರುತು ಮುಂದೆಯೇ ಇತ್ತು, ವಿಮಾನ ಬೊಗೋಟದ ಹತ್ತಿರದ ರೋಮಿಯೋ ಎಂಬ ಇನ್ನೊಂದು ಗುರುತಿನ ಕಡೆಗೆ ಎಡಕ್ಕೆ ತಿರುಗಿತು. ನಡುವೆ ಬೆಟ್ಟ. 159 ಜನ. ಇದನ್ನೆಲ್ಲ ತರಗತಿಯಲ್ಲಿ ಹೇಳಿಯೇ ಇರುತ್ತಾರೆ, ಮುದುಕನ ಚಪಲಕ್ಕೆ ಬರೆದೆ.

ಗೋಡೆಗೆ ಕಾಗದದ ಕಾಕ್‌ಪಿಟ್ ಅಂಟಿಸಿದ್ದೀಯೆಂದು ಬರೆದಿದ್ದೀಯೆ, ಒಳ್ಳೆಯದು. ಅದರ ಮುಂದೆ ಕುಳಿತು ಬೆರಳಾಡಿಸುವಾಗ ಮೇಲಿನ ಅಕ್ಷರಗಳನ್ನು ಬಾಯಿಬಿಟ್ಟು ಹೇಳು. ಯಂತ್ರ ಏನು ಮಾಡುತ್ತಿದೆ ಎಂದು ತಿಳಿಯದಾದಾಗ ಬಾಕ್ಸಿನೊಳಗೆ ತಲೆ ಹಾಕಬೇಡ. ಒಂದು ಮೆಟ್ಟಿಲು ಕೆಳಗಿಳಿ, ವಿ-ನ್ಯಾವ್ ಬಿಟ್ಟು ಎತ್ತರವನ್ನೂ ದಿಕ್ಕನ್ನೂ ನೀನೇ ಕೊಡುವ ಲೆವೆಲ್ ಚೇಂಜ್, ಹೆಡಿಂಗ್ ಸೆಲೆಕ್ಟ್. ಅದೂ ತಿಳಿಯದಿದ್ದರೆ ಕೈಗೆ ತೆಗೆದುಕೋ, ಆದರೆ ನನ್ನಂತೆ ಬಾಯಿ ಮುಚ್ಚಿಕೊಂಡು ಅಲ್ಲ. ರಾತ್ರಿ ಎರಡರ ಸರದಿಗೆ ಮುಂಚೆ ಮೊಸರನ್ನ ಉಣ್ಣಬೇಡ, ನಿದ್ದೆ ಬರುತ್ತದೆ.

ಮತ್ತೆ ಆ ಸಾಲಿಗೇ ಬರುತ್ತೇನೆ, ಬೇಸರಿಸಬೇಡ. ಎಲ್ಲರ ಮುಂದೆ ತಿಳಿಯಲಿಲ್ಲ ಎನ್ನಲು ನಾಲಿಗೆ ಏಳದಿದ್ದರೆ, ಸರದಿಯ ನಂತರದ ಮಾತುಕತೆ, ಆ ಡೀಬ್ರೀಫಿಂಗ್, ಮುಗಿದು ಕಾರಿಡಾರಿನಲ್ಲಿ ಕಾಫಿ ಕುಡಿಯುವಾಗ ಅವರನ್ನು ಹಿಡಿದು ಹೇಳು. ನಿನ್ನೆ ಅರ್ಥವಾಯಿತು ಎಂದೆ, ಆಗಿರಲಿಲ್ಲ ಎಂದು. ಅವರು ಹುಬ್ಬು ಗಂಟಿಕ್ಕಬಹುದು, ಒಂದು ಸರದಿ ಹೆಚ್ಚು ಹಾಕಬಹುದು, ದುಡ್ಡೂ ಹೋಗಬಹುದು. ಹೋಗಲಿ. ಸಿಮ್ಯುಲೇಟರ್‌ನಲ್ಲಿ ಎಷ್ಟು ಸಲ ಬಿದ್ದರೂ ಎದ್ದು ಬಂದು ಕಾಫಿ ಕುಡಿಯಬಹುದು, ಅದಕ್ಕೇ ಅದನ್ನು ಕಟ್ಟಿದ್ದು. ಜೊತೆಗಾರ ಹುಡುಗ ಅವಸರದವನು ಎಂದೆಯಲ್ಲ, ಅವನಿಗೂ ಅರ್ಥವಾಗಿರಲಿಕ್ಕಿಲ್ಲ ಎಂಬುದು ನನ್ನ ಗುಮಾನಿ.

ಈ ಪತ್ರ ತಲುಪುವಷ್ಟರಲ್ಲಿ ನಿನ್ನ ಇನ್ನೂ ಎರಡು ಸರದಿ ಕಳೆದಿರುತ್ತವೆ. ಫೋನ್ ಮಾಡಿ ಹೇಳೋಣವೆಂದರೆ ಕಲ್ಕತ್ತೆಯ ಸಂಗತಿ ನನ್ನ ಬಾಯಲ್ಲಿ ಬರುವುದಿಲ್ಲ, ಬರೆದರೆ ಬರುತ್ತದೆ. ಪೋಸ್ಟ್ ಕಚೇರಿ ಮುಚ್ಚುವುದರೊಳಗೆ ಹಾಕಿ ಬರುತ್ತೇನೆ.

ಇಂತು ಆಶೀರ್ವಾದಗಳೊಂದಿಗೆ,
ನಿನ್ನ ದೊಡ್ಡಪ್ಪ

ಮರೆತಿದ್ದೆ: ಆರ್ಮ್ ಎಂದು ಬಂದಾಗ ಆ ವಿಮಾನದಲ್ಲಿ ವೇಗ ಯಾರ ಕೈಯಲ್ಲಿರುತ್ತದೆ? ಮೂರು ದಿನದಿಂದ ಯೋಚಿಸುತ್ತಿದ್ದೇನೆ, ನನಗೂ ಪೂರ್ತಿ ತಿಳಿಯಲಿಲ್ಲ. ದೊಡ್ಡಪ್ಪ ಕೇಳಿದ್ದಾರೆ ಎಂದಾದರೂ ಹೇಳಿ ಅವರನ್ನು ಕೇಳು, ತಿಳಿದುಕೊಂಡು ನನಗೆ ಬರೆ.