ಟೈರ್ ಸಿಡಿತು ಅಂತ ಬರದು ಅಲ್ಲಿಗೇ ಬಿಡಬ್ಯಾಡ್ರಿ

ಸಂಪಾದಕರಿಗೆ ನಮಸ್ಕಾರ್ರಿ,

ಬ್ಯಾಸಿಗಿ ಬಂತಂದ್ರ ನಿಮ್ಮ ಪೇಪರಿನ ಜಿಲ್ಲಾ ಪುಟದಾಗ ಒಂದು ಸುದ್ದಿ ತಪ್ಪದ ಬರ್ತೈತಿ, ಟೈರ್ ಸಿಡಿದು ಕಾರ್ ಪಲ್ಟಿ, ಇಷ್ಟು ಮಂದಿಗೆ ಗಾಯ ಅಂತ. ನಾವೂ ಚಾ ಕುಡ್ಕೋತ ಓದ್ತೀವಿ, ಪಾಪ ಅಂತೀವಿ, ಪುಟ ತಿರುವ್ತೀವಿ. ಆದ್ರ ಆ ಟೈರ್ ಯಾಕ ಸಿಡಿತು, ಎಷ್ಟ್ ವರ್ಷದ್ದಿತ್ತು, ಹವಾ ಎಷ್ಟಿತ್ತು, ಒಳಗಿನ ಕಡಿ ಸವದಿತ್ತೋ ಏನು, ಗಾಡ್ಯಾಗ ಎಷ್ಟ್ ಮಂದಿ ಕುಂತಿದ್ರು, ಇದನ್ನ ಯಾರೂ ಕೇಳಾಂಗಿಲ್ಲ, ಯಾರೂ ಬರಿಯಾಂಗಿಲ್ಲ. ಟೈರ್ ಅನ್ನೂದು ಪಟಾಕಿಯಂಗ ಒಮ್ಮೆಲೇ ಸಿಡಿಯೋದು ಭಾಳ ಕಡಿಮಿ ರೀ, ತಿಂಗಳಾನುಗಟ್ಲೆ ಮುಂಚೇನ ಅದು ತೋರಸ್ತಿರ್ತೈತಿ, ನಾವು ಬಗ್ಗಿ ನೋಡಾಂಗಿಲ್ಲ ಅಷ್ಟ. ಅದಕ್ಕ ಈ ಪತ್ರ.

ನಾನು ವಿಜಯಪುರದಾಂವ, ಪಿಯು ಕಾಲೇಜಿನಾಗ ಭೌತಶಾಸ್ತ್ರ ಕಲಿಸಿ ನಿವೃತ್ತ ಆಗೀನಿ. ಮೆಕ್ಯಾನಿಕ್ ಅಲ್ಲ. ಆದ್ರ ಹೋದ ವರ್ಷ ನಮಗ ಆದದ್ದು ಹೇಳ್ತೀನಿ, ಅದರಿಂದ ನಾ ಈ ವಿಷಯದ ಬೆನ್ನ ಹತ್ತಿದ್ದು.

ಮನಿಯಾಕಿಗೆ ಕಣ್ಣು ತೋರಸ್ಬೇಕಂತ ಸೊಲ್ಲಾಪುರಕ್ಕ ಹೊಂಟಿದ್ವಿ. ಹೊರ್ತಿ ದಾಟಿದ ಮ್ಯಾಲ ರೋಡ್ ಚಲೋ ಐತಲ್ಲ ಅಂತ 80 ದಾಟಿಸಿದೆ, ಸ್ಟೇರಿಂಗ್ ಕೈಯಾಗ ಥರಥರ ಅನ್ನಾಕ ಹತ್ತಿತು, 60ಕ್ಕ ಇಳಿಸಿದ್ರ ಬಂದ್ ಆತು. ಸರಿ ಹೋತು ಅಂತ ಮತ್ತ ಏರಿಸಿದೆ, ಮತ್ತ ಶುರು. ಆಕಿ ಅಂದ್ಳು, ಎಲ್ಲೆರ ನಿಲ್ಲಸ್ರಿ, ನನಗ ಯಾಕೋ ಅಂಜಿಕಿ ಬರ್ತೈತಿ ಅಂತ. ಝಳಕಿ ಕಡೆ ರೋಡ್ ಮಗ್ಗಲ ಒಂದು ಪಂಕ್ಚರ್ ಅಂಗಡಿ ಇತ್ತು, ಹವಾ ನೋಡಪಾ ಅಂತ ನಿಲ್ಲಿಸಿದೆ. ಅಂವ ಹವಾ ನೋಡ್ಲೇ ಇಲ್ಲ, ನೆಲಕ್ಕ ಕುಂತು ಮುಂದಿನ ಎಡಗಡಿ ಗಾಲಿ ಒಳಗ ಕೈ ಹಾಕಿ, "ಸರ್ ಇದು ಹವಾದ್ದಲ್ರಿ, ನೀವೂ ಇಲ್ಲಿ ಕೈ ಹಾಕ್ರಿ, ಸಾವಕಾಶ, ಚುಚ್ಚತೈತಿ" ಅಂದ. ಖರೇನ ಚುಚ್ಚಿತು. ಒಳಗಿನ ಅಂಚಿನಾಗ ರಬ್ಬರ್ ಪೂರಾ ಹೋಗಿ ತಂತಿ ಹೊರಗ ಬಂದಿದ್ವು. ಹೊರಗಿನ ಕಡಿ ನೋಡಿದ್ರ ಗ್ರಿಪ್ ಇನ್ನಾ ಚಲೋನ ಇತ್ತು! ದಿನಾ ಮುಂಜಾನೆ ಗಾಡಿ ಒರಸೂ ಮುಂದ ನಾ ನೋಡ್ತಿದ್ದದ್ದು ಆ ಹೊರಗಿನ ಕಡಿ ಅಷ್ಟ. ಸ್ಟೆಪ್ನಿ ಹಚ್ಚಿಸ್ಕೊಂಡು ಸಾವಕಾಶ ಮನಿಗೆ ತಿರುಗಿ ಬಂದ್ವಿ.

ಅದರ ಹಿಂದಿನ ತಿಂಗಳ ಊರಾಗ ಒಂದು ಅಂಗಡ್ಯಾಗ ಅಲೈನ್‌ಮೆಂಟ್, ಬ್ಯಾಲೆನ್ಸಿಂಗ್ ಎರಡೂ ಮಾಡ್ಸಿದ್ದೆ. ರೊಕ್ಕ ತಗೊಂಡ್ರು, ಆತ್ರಿ ಸರ್ ಅಂದ್ರು, ಒಂದು ಚೀಟಿ ಕೊಡ್ಲಿಲ್ಲ. ನಾನೂ ಕೇಳ್ಲಿಲ್ಲ. ಮಳಿಗಾಲದಾಗ ನೀರ ತುಂಬಿದ ತಗ್ಗಿನ್ಯಾಗ ಗಾಲಿ ಧಡಲ್ ಅಂತ ಬಿದ್ದಿತ್ತು, ಅವತ್ತಿಂದ ಟೋ (ಗಾಲಿ ಮುಖ ಒಳಕ್ಕೋ ಹೊರಕ್ಕೋ ತಿರುಗಿ ನಿಲ್ಲೂ ಅಳತಿ) ತಪ್ಪಿತ್ತು ಅಂತ ಆಮ್ಯಾಲ ಬ್ಯಾರೆ ಕಡೆ ತೋರಿಸಿದಾಗ ಗೊತ್ತಾತು, ಗಾಲಿನ ಕೆಳಗಿಂದ ಹಿಡಿದಿರೂ ಲೋವರ್ ಆರ್ಮಿನ ರಬ್ಬರ್ ಬುಶ್ ಸುದ್ದಾ ಹೋಗಿತ್ತು. ಬುಶ್ ಹೋದ ಗಾಡಿಗೆ ಅಲೈನ್‌ಮೆಂಟ್ ಮಾಡಿದ್ರ ಅದು ನಿಲ್ಲೂದಾದ್ರೂ ಹೆಂಗ್ರಿ?

ಇಲ್ಲಿ ಒಂದು ಮಾತು ಬಿಡಿಸಿ ಹೇಳ್ಬೇಕು, ಯಾಕಂದ್ರ ನಮ್ಮ ಮಂದಿ ಅಲೈನ್‌ಮೆಂಟು ಬ್ಯಾಲೆನ್ಸಿಂಗು ಎರಡೂ ಒಂದ ಅಂತ ತಿಳ್ಕೊಂಡಾರ. ಅಲೈನ್‌ಮೆಂಟ್ ಅಂದ್ರ ಗಾಲಿ ಯಾವ ದಿಕ್ಕಿಗೆ ಮುಖ ಮಾಡಿ ನಿಂತಾವ ಅನ್ನೂದು. ಮುಂದಿನ ಎರಡು ಗಾಲಿ ಸ್ವಲ್ಪ ಒಳಕ್ಕೋ ಹೊರಕ್ಕೋ ತಿರುಗಿದ್ರ ಟೈರ್ ಉರುಳೋದರ ಜೋಡಿ ರೋಡಿಗೆ ಉಜ್ಕೋತನೂ ಹೋಗ್ತೈತಿ, ತುರಿಮಣಿ ಮ್ಯಾಲ ಕಾಯಿ ಉಜ್ಜಿದಂಗ. ಬ್ಯಾಲೆನ್ಸಿಂಗ್ ಅಂದ್ರ ಗಾಲಿಯ ತೂಕ ಸುತ್ತಲೂ ಸಮ ಐತೋ ಇಲ್ಲೋ ಅನ್ನೂದು. ರಿಮ್ಮಿಗೆ ಸಣ್ಣ ತೂಕದ ತುಂಡು ಹಚ್ತಾರಲ್ಲ, ಅದು. ಇಷ್ಟ್ ಸಣ್ಣದು ಏನ್ ಮಾಡೀತು ಅಂತ ಕೇಳ್ತಾರ, ಅದಕ್ಕ ನಾನ ಲೆಕ್ಕಾ ಹಾಕಿ ನೋಡೀನಿ. 15 ಇಂಚಿನ ರಿಮ್ಮಿನ ಅಂಚಿನ್ಯಾಗ ಬರೇ 20 ಗ್ರಾಂ ವ್ಯತ್ಯಾಸ ಇದ್ರ, ಗಾಡಿ 100ರಾಗ ಹೊಂಟಾಗ ಗಾಲಿ ಸೆಕೆಂಡಿಗೆ ಹೆಚ್ಚುಕಡಿಮಿ 14 ಸುತ್ತು ತಿರುಗ್ತೈತಿ, ಪ್ರತಿ ಸುತ್ತಿಗೂ ಆ 20 ಗ್ರಾಂ ಸುಮಾರು 3 ಕೆ.ಜಿ.ಯಷ್ಟು ಜಗ್ತೈತಿ. ಒಂದು ಸೆಕೆಂಡಿನಾಗ 14 ಸಲ 3 ಕೆ.ಜಿ. ಗುದ್ದು, ಬೇರಿಂಗಿಗೆ, ಶಾಕ್ ಅಬ್ಸಾರ್ಬರಿಗೆ, ನಿಮ್ಮ ಕೈಗೆ. 50ರಾಗ ಆದ್ರ ಅದರ ಕಾಲು ಭಾಗ ಅಷ್ಟ, ಅದಕ್ಕ ಊರಾಗ ಓಡಸೋರಿಗೆ ಗೊತ್ತ ಆಗಾಂಗಿಲ್ಲ.

ನಮ್ಮ ಕಡಿದೊಂದು ವಿಶೇಷ ಐತಿ. ಎರಿ ಮಣ್ಣು. ಮಳಿ ಆದಾಗ ಹೊಲದ ದಾರಿಗೆ ಗಾಡಿ ಒಯ್ದು ಬಂದ್ರ ರಿಮ್ಮಿನ ಒಳಗ ಮುದ್ದಿಮುದ್ದಿ ಮಣ್ಣು ಹತ್ತಿ ಒಣಗಿ ಕಲ್ಲಾಗ್ತೈತಿ, ಮರುದಿನ ಹೈವೇಕ್ಕ ಹೋದ್ರ ಸ್ಟೇರಿಂಗ್ ನಡುಗ್ತೈತಿ. ಮೊದಲ ಗಾಲಿ ಒಳಗಿನ ಕಡಿ ನೀರ ಹೊಡದು ತೊಳೀರಿ, ಆಮ್ಯಾಲೂ ನಡುಗಿದ್ರ ಬ್ಯಾಲೆನ್ಸಿಂಗ್‌ಗೆ ರೊಕ್ಕ ಕೊಡ್ರಿ. ಇದೇ ಎರಿ ಮಣ್ಣು ಮಳಿಗೆ ಉಬ್ಬಿ ಬ್ಯಾಸಿಗ್ಯಾಗ ಬಿರಿತೈತಿ, ಮ್ಯಾಲಿನ ಡಾಂಬರ್ ಅಲಿಅಲಿ ಆಗ್ತೈತಿ. ಜಮಖಂಡಿ, ಮುಧೋಳ ಕಡೆ ಕಬ್ಬಿನ ಸೀಜನ್ನಿನಾಗ ಎರಡೆರಡು ಟ್ರಾಲಿ ಹಚ್ಚಿದ ಟ್ರ್ಯಾಕ್ಟರ್ ಓಡಿ ಓಡಿ ರೋಡಿನ ಅಂಚು ಕಿತ್ತು ಹೋಗಿರ್ತಾವ. ಸೈಡ್ ಕೊಡಾಕ ಕೆಳಗ ಇಳಿಸಿ ಮತ್ತ ಮ್ಯಾಲ ಏರಸ್ತೀವಲ್ಲ, ಆವಾಗ ಟೈರಿನ ಪಕ್ಕದ ಗ್ವಾಡಿಗೆ ಪೆಟ್ಟು ಬೀಳ್ತೈತಿ. ಅಲ್ಲಿ ನೆಲ್ಲಿಕಾಯಿಯಷ್ಟು ಬಾವು ಬಂದಂಗ ಕಂಡ್ರೂ ಒಳಗಿನ ದಾರ ಹರದಾವ ಅಂತ ತಿಳೀರಿ, ಆ ಟೈರ್ ಮುಗೀತು. ಪಕ್ಕದ ಗ್ವಾಡಿಗೆ ಪ್ಯಾಚ್ ಹಾಕಿ ಕೊಡ್ತೀನಿ ಅಂದಾಂವನ ಕೈಯಾಗ ಗಾಡಿ ಕೊಡಬ್ಯಾಡ್ರಿ.

ಟೈರ್ ಹೆಂಗ ಸವದೈತಿ ಅನ್ನೂದನ್ನ ನೋಡಿದ್ರ ಗಾಡಿಗೆ ಏನಾಗೈತಿ ಅಂತ ಹೇಳಬಹುದು. ನಡುವ ಸವದಿದ್ರ ಹವಾ ಹೆಚ್ಚಾಗೈತಿ, ಎರಡೂ ಅಂಚು ಸವದು ನಡುವ ಉಳದಿದ್ರ ಹವಾ ಕಡಿಮಿ ಇಟ್ಟು ಓಡಿಸೀರಿ. ಒಂದ ಅಂಚು ಸವದಿದ್ರ ಟೋ ಇಲ್ಲಾ ಕ್ಯಾಂಬರ್ (ಗಾಲಿ ಮ್ಯಾಲಿಂದ ಒಳಕ್ಕೋ ಹೊರಕ್ಕೋ ವಾಲೂ ಅಳತಿ) ತಪ್ಪೈತಿ. ಅಂಗೈ ಆಡಿಸಿದ್ರ ಒಂದು ಕಡಿ ನುಣ್ಣಗ, ತಿರುಗಿ ಆಡಿಸಿದ್ರ ಗರಗಸದಂಗ ಹತ್ತಿದ್ರ ಅದೂ ಟೋದ್ದ ಕೆಲಸ. ಅಲ್ಲಲ್ಲೆ ತಗ್ಗು ಬಿದ್ದಂಗ ತಿಂದಿದ್ರ ಹೆಚ್ಚಾಗಿ ಶಾಕ್ ಅಬ್ಸಾರ್ಬರ್ ಹೋಗಿರ್ತಾವ, ಬ್ಯಾಲೆನ್ಸಿಂಗ್ ತಪ್ಪಿದ್ರೂ ಹಂಗ ಆಗ್ತೈತಿ. ಇದನ್ನ ನೋಡದ ಹೊಸ ಟೈರ್ ಹಾಕಿಸಿದ್ರ ಅವೂ ಹಂಗ ಸವೀತಾವ, ಮತ್ತ ನಾವು ಕಂಪನಿ ಸರಿ ಇಲ್ಲ ಅಂತ ಬೈತೀವಿ.

ಎಷ್ಟು ಸವದ ಮ್ಯಾಲ ತಗೀಬೇಕು? ಗ್ರಿಪ್ಪಿನ ಗೆರಿ ಒಳಗ ಅಲ್ಲಲ್ಲೆ ಸಣ್ಣ ರಬ್ಬರ್ ದಿಂಡು ಇರ್ತಾವ, ರಬ್ಬರ್ ಸವದು ಅದರ ಸಮಕ್ಕ ಬಂತಂದ್ರ 1.6 ಮಿ.ಮೀ. ಉಳದೈತಿ ಅಂತ ಅರ್ಥ, ಕಾನೂನಿನ ಪ್ರಕಾರ ಕಾರಿಗೆ ಅದೇ ಕಡೀ ಮಿತಿ. ಬೆಳಗಾವಿ, ಖಾನಾಪುರ ಕಡೆ ಜೋರ ಮಳ್ಯಾಗ ಓಡಸೋರು ಅಲ್ಲಿತನಕ ಕಾಯಬಾರದು ಅಂತ ನನ್ನ ಅಭಿಪ್ರಾಯ, 3 ಮಿ.ಮೀ. ಬಂದಾಗ ಬದಲಿ ಮಾಡ್ರಿ, ನೀರ ಮ್ಯಾಲ ಟೈರ್ ತೇಲಿದ್ರ ಬ್ರೇಕು ಸ್ಟೇರಿಂಗು ಎರಡೂ ಇದ್ದೂ ಇಲ್ಲದಂಗ.

ನಮ್ಮ ವಿಜಯಪುರದ ಕಥಿ ಬ್ಯಾರೆ. ಇಲ್ಲಿ ಮಂದಿ ಗಾಡಿ ಓಡಸೂದ ಕಡಿಮಿ, ಗ್ರಿಪ್ ಹೊಸದರಂಗ ಇರ್ತೈತಿ, ವರ್ಷ ಮಾತ್ರ ಎಂಟು ಒಂಬತ್ತು ಆಗಿರ್ತಾವ. 40 ಡಿಗ್ರಿ ಬಿಸಲಾಗ ನಿಂತೂ ನಿಂತೂ ರಬ್ಬರ್ ಒಣಗಿ ಪಕ್ಕಕ್ಕ ಕೂದಲೆಳಿಯಂಗ ಬಿರುಕು ಬಂದಿರ್ತಾವ. ಟೈರಿನ ಪಕ್ಕದಾಗ ಡಾಟ್ (DOT) ಅಂತ ಶುರುವಾಗೂ ಅಕ್ಷರದ ಸಾಲು ಇರ್ತೈತಿ, ಅದರ ಕಡೀಗೆ ನಾಲ್ಕು ಅಂಕಿ ನೋಡ್ರಿ, 2319 ಅಂತ ಇದ್ರ 2019ನೇ ವರ್ಷದ 23ನೇ ವಾರ ತಯಾರಾದದ್ದು. ಒಂದು ಕಡಿ ಕಾಣಲಿಲ್ಲಂದ್ರ ಇನ್ನೊಂದು ಕಡಿ ನೋಡ್ರಿ. ಐದು ವರ್ಷ ದಾಟಿದ ಮ್ಯಾಲ ವರ್ಷಕ್ಕೊಮ್ಮೆ ತಿಳದಾಂವರ ಕಡೆ ತೋರಿಸಿರಿ, ಹತ್ತು ಆದ್ರ ಗ್ರಿಪ್ ಎಷ್ಟರ ಇರಲಿ ತಗೀರಿ ಅಂತ ಟೈರ್ ಕಂಪನಿಯವರ ಹೇಳ್ತಾರ. ನಮ್ಮ ಬಿಸಲಿಗೆ ನಾನು ಆರಕ್ಕ ತಗೀತೀನಿ. ಸ್ಟೆಪ್ನಿದೂ ನೋಡ್ರಿ, ಅದಕ್ಕೂ ವಯಸ್ಸಾಗಿರ್ತೈತಿ. ಹಳೀ ಟೈರ್ ತಗೊಳ್ಳೋರಂತೂ, ಕರೀ ಪಾಲಿಶ್ ಹೊಡದು ಮಿಂಚಿಸಿ, ಬ್ಲೇಡಿಲೆ ಗೆರಿ ಕೊರದು ಮಾರ್ತಾರ, ಬ್ಯಾಡ್ರಿ ಅದು.

ಹವಾದ್ದು ಎಲ್ಲಾಕ್ಕಿಂತ ದೊಡ್ಡದು. ಹೆಚ್ಚ ಹವಾ ಹಾಕಿದ್ರ ಬ್ಯಾಸಿಗ್ಯಾಗ ಸಿಡಿತೈತಿ, ಅದಕ್ಕ ಎರಡು ಪಾಯಿಂಟ್ ಕಡಿಮಿ ಹಾಕು ಅಂತ ನಮ್ಮ ಕಡೆ ಹಿರ್‍ಯಾರು ಹೇಳ್ತಾರಲ್ಲ, ಅದು ಪೂರಾ ಉಲ್ಟಾ ರೀ. ಹವಾ ಕಡಿಮಿ ಇದ್ರ ಟೈರಿನ ಪಕ್ಕ ಪ್ರತಿ ಸುತ್ತಿಗೂ ಹೆಚ್ಚ ಮಡಚಿ ಬಿಚ್ಚತೈತಿ, ತಂತಿ ಮುರಿಯೂ ಮುಂದ ಹಿಂದಮುಂದ ಬಗ್ಗಿಸಿದ್ರ ಬಿಸಿ ಆಗ್ತೈತಲ್ಲ ಹಂಗ ಒಳಗಿಂದ ಕಾಯ್ತೈತಿ, ಮ್ಯಾಲ ಕಾದ ಡಾಂಬರು, ಅದರಾಗ ದೇವರಿಗೆ ಹೊಂಟೀವಂತ ಏಳು ಮಂದಿ, ಡಿಕ್ಕಿ ತುಂಬ ಸಾಮಾನು, ವೇಗ 110. ಸಿಡಿಯೂದು ಆವಾಗ. ಡ್ರೈವರ್ ಬಾಗಿಲ ತಗದ್ರ ಕಂಬಕ್ಕ ಒಂದು ಚೀಟಿ ಹಚ್ಚಿರ್ತಾರ, ಕಡಿಮಿ ಮಂದಿಗೆ ಎಷ್ಟು, ಪೂರಾ ಲೋಡಿಗೆ ಎಷ್ಟು ಅಂತ. ಅಷ್ಟು ಹಾಕ್ರಿ, ಮುಂಜಾನೆ ಗಾಡಿ ತಣ್ಣಗ ಇದ್ದಾಗ. ಓಡಿಸಿ ಬಿಸಿ ಆದಾಗ ಮೂರು ನಾಲ್ಕು ಪಾಯಿಂಟ್ ಏರೂದು ಸಹಜ, ಅದನ್ನ ನೋಡಿ ಅಂಜಿ ಹವಾ ಬಿಡಬ್ಯಾಡ್ರಿ. ನೈಟ್ರೋಜನ್ ಹಾಕಸ್ಲಾ ಅಂತ ಕೇಳ್ತಾರ, ಹಾಕಸ್ರಿ, ಹಾನಿ ಇಲ್ಲ, ಆದ್ರ ಸಾದಾ ಗಾಳ್ಯಾಗ 78 ಭಾಗ ಅದೇ ಐತಿ, ತಿಂಗಳಿಗೊಮ್ಮೆ ನೋಡೂದು ಅದಕ್ಕೂ ತಪ್ಪಾಂಗಿಲ್ಲ.

ಇನ್ನ ದೊಡ್ಡ ಗಾಲಿ ಹಾಕಸೋ ಹುಡುಗರ ವಿಷಯ. ನಮ್ಮ ಅಕ್ಕನ ಮಗ ಬೆಳಗಾವ್ಯಾಗ ಇರ್ತಾನ, ಗಾಡಿಗೆ ಕಂಪನಿಯಿಂದ ಬಂದದ್ದು 185/65 ಆರ್ 15, ಇಂವಗ 205/65 ಹಾಕಸೂ ಆಸೆ. "ಮಾಮಾ, ಗಾಡಿ ಗಟ್ಟಿಮುಟ್ಟ ಕಾಣ್ತೈತಿ" ಅಂದ. ಕಾಗದ ತಗೊಂಡು ಕುಂದರ್ಸಿ ಲೆಕ್ಕಾ ತೋರಿಸಿದೆ. 185 ಅಂದ್ರ ಅಗಲ ಮಿ.ಮೀ.ದಾಗ, 65 ಅಂದ್ರ ಪಕ್ಕದ ಎತ್ತರ ಆ ಅಗಲದ ನೂರಕ್ಕ 65, 15 ರಿಮ್ಮಿನ ಇಂಚು. ಹಳೇದರ ಪೂರಾ ಎತ್ತರ 621.5 ಮಿ.ಮೀ., ಅಂವ ಕೇಳೂದು 647.5. ಅಂದ್ರ ಮೀಟರ್ 100 ತೋರಿಸಿದಾಗ ಮೊದಲಿಗಿಂತ 4 ಕಿ.ಮೀ. ಹೆಚ್ಚ ಓಡ್ತಿರ್ತೀರಿ, ಪೂರಾ ಸ್ಟೇರಿಂಗ್ ಕಟ್ ಮಾಡಿದ್ರ ಒಳಗಿನ ಮಡ್‌ಗಾರ್ಡಿಗೆ ತಾಗಬಹುದು, ಮೈಲೇಜ್ ಇಳಿತೈತಿ, ಪಿಕಪ್ ಜಡ ಆಗ್ತೈತಿ. ಹಂಗಾರ 16 ಇಂಚ್ ಅಲಾಯ್ ಹಾಕಿ 195/55 ಹಾಕಸ್ಲಾ ಅಂದ. ಎತ್ತರದ ಲೆಕ್ಕಾ ಭೇಶ್ ಬರ್ತೈತಿ, ಸುಮಾರು 621. ಆದ್ರ ಅಳತಿ ಮುಂದ ಇನ್ನೊಂದು ಅಂಕಿ ಇರ್ತೈತಿ, ಎಷ್ಟ್ ಭಾರ ಹೊರ್ತೈತಿ ಅನ್ನೂದು. ಅಂವನ ಹಳೇದರ ಮ್ಯಾಲ 88, ಅಂದ್ರ ಒಂದು ಟೈರಿಗೆ 560 ಕೆ.ಜಿ., ಅಂಗಡಿಯಾಂವ ತೋರಿಸಿದ್ದರ ಮ್ಯಾಲ 87, ಅಂದ್ರ 545. ಹೊರಗ ನೋಡಾಕ ದಪ್ಪ, ಹೊರೂ ತಾಕತ್ತು ಕಡಿಮಿ! ಮ್ಯಾಲ ಪಕ್ಕದ ರಬ್ಬರ್ 120 ಮಿ.ಮೀ.ನಿಂದ 107ಕ್ಕ ಇಳಿತೈತಿ, ನಮ್ಮ ತಗ್ಗಿನ ರೋಡಿಗೆ ಅಷ್ಟು ಸಣ್ಣ ಪಕ್ಕ ಇದ್ರ ಪೆಟ್ಟು ಸೀದಾ ರಿಮ್ಮಿಗೆ. ಅಪ್‌ಗ್ರೇಡ್ ಮಾಡಬ್ಯಾಡ ಅನ್ನಲಿಲ್ಲ ನಾನು. ನಿನ್ನ ಗಾಡಿದ ಟಾಪ್ ಮಾಡಲ್ಲಿಗೆ ಕಂಪನಿ ಯಾವ ಅಳತಿ ಕೊಟ್ಟೈತಿ ನೋಡು, ಅದನ್ನ ಹಾಕು, ಭಾರದ ಅಂಕಿ, ಅದರ ಮಗ್ಗಲ ಎಷ್ಟ್ ವೇಗ ತಡೀತೈತಿ ಅಂತ ಹೇಳೂ ವೇಗದ ಅಕ್ಷರ, ಎರಡೂ ಹಳೇದಕ್ಕಿಂತ ಕೆಳಗ ಇಳಿಬಾರದು ಅಂದೆ. ಇಲ್ಲಾ ಅದೇ ಅಳತ್ಯಾಗ ಚಲೋ ಟೈರ್ ಹಾಕು, ಮಳ್ಯಾಗ ಬ್ರೇಕ್ ಹಿಡಿಯೂದು ಅದರಿಂದ, ದಪ್ಪದಿಂದಲ್ಲ. ಒಪ್ಪಿಕೊಂಡ.

ಎರಡ ಟೈರ್ ಹೊಸಾವ ಹಾಕಸೋರು ಎಲ್ಲಾರೂ ಮುಂದ ಹಾಕಸ್ತಾರ, ಎಂಜಿನ್ ಮುಂದ ಐತಿ ಅಂತ. ಹೊಸಾವ ಹಿಂದ ಹಾಕ್ರಿ, ಮಳ್ಯಾಗ ಹಿಂದಿನ ಗಾಲಿ ಜಾರಿದ್ರ ಗಾಡಿ ಗಿರಕಿ ಹೊಡಿತೈತಿ, ಸಾದಾ ಡ್ರೈವರ್ ಕೈಲೆ ಅದು ಹಿಡಿಯಾಕ ಆಗಾಂಗಿಲ್ಲ. ಅಂಗಡಿಯಾಂವ ನಕ್ಕರೂ ಹಟ ಹಿಡೀರಿ. 8–10 ಸಾವಿರ ಕಿ.ಮೀ.ಗೊಮ್ಮೆ ಮುಂದಿನವು ಹಿಂದಕ್ಕ ಹಿಂದಿನವು ಮುಂದಕ್ಕ ಬದಲಿ ಮಾಡ್ಸಿದ್ರ ನಾಲ್ಕೂ ಕೂಡೇ ಸವೀತಾವ, ಈ ಎರಡರ ಪ್ರಶ್ನೆನ ಬರಾಂಗಿಲ್ಲ.

ಸಂಪಾದಕರ, ನನ್ನ ಬೇಡಿಕಿ ಎರಡ ಅದಾವ. ಅಪಘಾತ ಆದ ಗಾಡಿನ ಮೋಟಾರು ವಾಹನ ನಿರೀಕ್ಷಕರು ಬಂದು ತಪಾಸಣಿ ಮಾಡ್ತಾರ. ನಿಮ್ಮ ವರದಿಗಾರರು ಅವರಿಗೆ ಒಂದು ಮಾತು ಕೇಳ್ಲಿ, ಸಿಡಿದ ಟೈರ್ ಯಾವ ವಾರ ಯಾವ ವರ್ಷದ್ದು, ಗ್ರಿಪ್ ಎಷ್ಟು ಉಳದಿತ್ತು ಅಂತ, ಸುದ್ದಿ ಕಡೀಗೆ ಅದೊಂದು ಸಾಲು ಹಾಕ್ರಿ. ಹತ್ತು ಸಲ ಆ ಸಾಲು ಓದಿದಾಂವ ಹನ್ನೊಂದನೇ ಸಲ ತನ್ನ ಗಾಡಿ ಟೈರ್ ನೋಡ್ತಾನ. ಇನ್ನೊಂದು, ಅಲೈನ್‌ಮೆಂಟ್ ಮಾಡೂ ಅಂಗಡಿಯವರಿಗೆ ನಿಮ್ಮ ಪೇಪರ್ ಮೂಲಕ ಕೈ ಮುಗಿದು ಕೇಳ್ತೀನಿ, ಮಷೀನಿನಾಗಿಂದ ಮೊದಲಿಂದು ನಂತರದ್ದು ಎರಡೂ ಅಂಕಿ ಇರೂ ಚೀಟಿ ಬರ್ತೈತಿ, ಅದನ್ನ ಗಿರಾಕಿ ಕೈಗೆ ಕೊಡ್ರಿ, ಗಾಡಿ ಹೆಂಗೂ ಮ್ಯಾಲ ಎತ್ತಿರ್ತೀರಿ, ಟೈರಿನ ಒಳಗಿನ ಕಡಿ ಒಮ್ಮೆ ಕರದು ತೋರಸ್ರಿ. ಝಳಕಿ ಪಂಕ್ಚರ್ ಅಂಗಡಿಯಾಂವ ತೋರಿಸಿದ್ದು ಅಷ್ಟ, ಅದಕ್ಕ ಅಂವ ರೊಕ್ಕಾನೂ ತಗೊಳ್ಳಲಿಲ್ಲ.

ಇಂತಿ ನಿಮ್ಮ ಓದುಗ,
ನಿವೃತ್ತ ಉಪನ್ಯಾಸಕ, ವಿಜಯಪುರ