ರೆಡಿ ಕೋಡ್ ಹುಡುಕುವ ರೀತಿ ಬದಲಿಸಿದ್ದೇವೆ

ತುಮಕೂರು

ನಮ್ಮ ಮಂಡಿ, ಡೇರಿ ಗ್ರಾಹಕರಿಗೆ ನಮಸ್ಕಾರ.

ಮುಂದಿನ ತಿಂಗಳಿಂದ ಬಿಲ್ಲಿಂಗ್ ಸಾಫ್ಟ್‌ವೇರ್‌ನಲ್ಲಿ ನೀವು ಹೊಸದೇನಾದರೂ ಕೇಳಿದರೆ, ಮೊದಲಿಗಿಂತ ಒಂದು ವಾರ ಜಾಸ್ತಿ ಹಿಡಿಯುತ್ತದೆ. ವರ್ಷದ ನಿರ್ವಹಣೆ ಶುಲ್ಕ ಏರುವುದಿಲ್ಲ. ಯಾಕೆ ತಡ ಅಂತ ನಾವೇ ಮೊದಲು ಹೇಳಬೇಕು ಅಲ್ವಾ?

ಸಾಫ್ಟ್‌ವೇರ್ ಪೂರ್ತಿ ನಾವೇ ಬರೆಯುವುದಿಲ್ಲ. ಬಿಲ್ ಪ್ರಿಂಟ್ ಮಾಡುವುದು, ಎಲೆಕ್ಟ್ರಾನಿಕ್ ತಕ್ಕಡಿಯಿಂದ ತೂಕ ಓದುವುದು, ಇಂಥ ಕೆಲಸಕ್ಕೆ ಬೇರೆಯವರು ಬರೆದಿಟ್ಟ ಕೋಡ್ (ಕಂಪ್ಯೂಟರ್‌ಗೆ ಕೊಡುವ ಸೂಚನೆಗಳು) ರೆಡಿಯಾಗಿ ಸಿಗುತ್ತದೆ. ಅದನ್ನು ಹುಡುಕಿ ಜೋಡಿಸುತ್ತೇವೆ. ಹುಡುಕಲು ಇಷ್ಟು ದಿನ ಒಂದು ಖಾಸಗಿ ಸೇವೆಗೆ ದುಡ್ಡು ಕಟ್ಟುತ್ತಿದ್ದೆವು. ಬೇಗ ಸಿಗುತ್ತಿತ್ತು, ನಿಜ.

ಹೋದ ವರ್ಷ ತಿಪಟೂರಿನ ಅಂಗಡಿಯೊಂದರ ಬಿಲ್‌ನಲ್ಲಿ ‘ಕೊಬ್ಬರಿ’ ಹೋಗಿ ‘ಕೊಬ್‌ಬರಿ’ ಬಂತು. ಒತ್ತು ಕೆಳಗಿಳಿಯದೆ ಪಕ್ಕದಲ್ಲೇ ನಿಂತಿತ್ತು. ಜಾಸ್ತಿ ಜನ ಬಳಸುವ ಕೋಡನ್ನೇ ಆ ಸೇವೆ ಮೇಲೆ ತೋರಿಸಿತ್ತು. ಇಂಗ್ಲಿಷ್ ಬಿಲ್‌ಗೆ ಅದು ಸಾಕು, ಕನ್ನಡದ ಒತ್ತಕ್ಷರ ಅದಕ್ಕೆ ಗೊತ್ತೇ ಇರಲಿಲ್ಲ. ಆಮೇಲೆ ಅಕ್ಷರ ಜೋಡಿಸುವ ಹಾರ್ಫ್‌ಬಝ್ ಅನ್ನುವ ಮುಕ್ತ ಕೋಡ್ (ಯಾರು ಬೇಕಾದರೂ ಬಳಸಲು ಅನುಮತಿ ಇರುವಂಥದ್ದು) ಹಾಕಿದೆವು, ಅಕ್ಷರ ಸರಿಯಾಯಿತು. ಹಳೆಯದನ್ನು ಬಿಚ್ಚಿ ನೋಡಿದಾಗ ಇನ್ನೊಂದು ತಪ್ಪು ಕಂಡಿತು. ಅದರ ಜೊತೆ ಲೈಸೆನ್ಸೇ ಇರಲಿಲ್ಲ. ಇಂಟರ್‌ನೆಟ್‌ನಲ್ಲಿ ಸಿಕ್ಕಿತು ಅಂದ ಮಾತ್ರಕ್ಕೆ ಬಳಸುವ ಹಾಗಿಲ್ಲ. ಬರೆದವರು ಅನುಮತಿ ಕೊಡದಿದ್ದರೆ ಹಕ್ಕು ಅವರದ್ದೇ. ಅದನ್ನು ನೋಡದೆ ನಿಮ್ಮ ಅಂಗಡಿಗೆ ತಂದಿದ್ದು ನಮ್ಮ ತಪ್ಪು, ಕ್ಷಮಿಸಿ.

ಈಗ ಮೊದಲು ನೋಡುವುದು ಸರ್ಕಾರದ ದುಡ್ಡಿನಲ್ಲಿ ನಡೆಯುವ ಜಾಗಗಳನ್ನು. ಸರ್ಕಾರಿ ಸಾಫ್ಟ್‌ವೇರ್‌ಗಳ ಕೋಡ್ ಮರುಬಳಕೆಯಾಗಲಿ ಅಂತ ಕೇಂದ್ರ ಸರ್ಕಾರ 2015ರಲ್ಲಿ ನೀತಿ ತಂದಿತು. ಓಪನ್‌ಫೋರ್ಜ್ ಅನ್ನುವ ಸರ್ಕಾರಿ ವೆಬ್‌ಸೈಟ್ ಇರುವುದು ಅದಕ್ಕೇ. ಅಲ್ಲಿ ಮಂಡಿ ಲೆಕ್ಕಕ್ಕೆ ಬೇಕಾದ್ದು ನಮಗೆ ಸಿಕ್ಕಿದ್ದು ಕಡಿಮೆ. ಸಿಗದಿದ್ದಾಗ ಗಿಟ್‌ಹಬ್‌ ಅನ್ನುವ, ಜನ ಕೋಡ್ ಹಂಚಿಕೊಳ್ಳುವ ಖಾಸಗಿ ವೆಬ್‌ಸೈಟ್‌ಗೆ ಹೋಗುತ್ತೇವೆ. ಅದು 2018ರಿಂದ ಮೈಕ್ರೋಸಾಫ್ಟ್‌ನದ್ದು, ಸರಕು ಅಲ್ಲೇ ಜಾಸ್ತಿ. ಎಲ್ಲಿ ಸಿಕ್ಕರೂ ಲೈಸೆನ್ಸ್ ಓದದೆ, ಕನ್ನಡದಲ್ಲಿ ಪ್ರಿಂಟ್ ತೆಗೆದು ನೋಡದೆ ಜೋಡಿಸುವುದಿಲ್ಲ. ಆ ಒಂದು ವಾರ ಹೋಗುವುದು ಇದಕ್ಕೇ.

ಖಾಸಗಿಯವರನ್ನೇ ನಂಬಿದರೆ ಒಂದು ದಿನ ಅವರು ಸೇವೆ ನಿಲ್ಲಿಸಿಬಿಡಬಹುದು. ಕೋಡ್ ಹುಡುಕಿಕೊಡುತ್ತಿದ್ದ ಗೂಗಲ್‌ನ ಕೋಡ್ ಸರ್ಚ್ 2006ರಲ್ಲಿ ಬಂತು, 2012ರಲ್ಲಿ ನಿಂತಿತು. ಹಾಗಂತ ಸರ್ಕಾರದ್ದು ಶಾಶ್ವತ ಅಂತಲೂ ಅಲ್ಲ. ಅಮೆರಿಕದ ಸರ್ಕಾರಿ ಬಾಹ್ಯಾಕಾಶ ಸಂಸ್ಥೆ ನಾಸಾದ ಸಾಫ್ಟ್‌ವೇರ್ ಹಂಚುತ್ತಿದ್ದ ಕಾಸ್ಮಿಕ್ ಕೇಂದ್ರ 1966ರಲ್ಲಿ ಶುರುವಾಗಿ 1998ರಲ್ಲಿ ಮುಚ್ಚಿತು. ಅದಕ್ಕೇ ಬಳಸಿದ ಪ್ರತಿ ಕೋಡಿನ ನಕಲು ನಮ್ಮಲ್ಲೂ ಇಡುತ್ತೇವೆ. ಫ್ರಾನ್ಸ್‌ನ ಸರ್ಕಾರಿ ಸಂಶೋಧನಾ ಸಂಸ್ಥೆ ಇನ್ರಿಯಾ 2016ರಲ್ಲಿ ಶುರು ಮಾಡಿದ ಸಾಫ್ಟ್‌ವೇರ್ ಹೆರಿಟೇಜ್ ಅನ್ನುವ ಕೋಡ್ ಭಂಡಾರದಲ್ಲಿ ಅದು ಇದೆಯಾ ಅಂತಲೂ ನೋಡುತ್ತೇವೆ. ಅಲ್ಲಿ ಪ್ರತಿ ಕೋಡಿಗೂ ಒಂದು ಗುರುತು ಇರುತ್ತದೆ. ಕೋಡಿನಲ್ಲಿ ಒಂದೇ ಅಕ್ಷರ ಬದಲಾದರೂ ಗುರುತು ಬದಲಾಗುತ್ತದೆ, ಯಾರಾದರೂ ಕೈ ಆಡಿಸಿದ್ದರೆ ತಿಳಿಯುತ್ತದೆ.

ಇನ್ನು ಮುಂದೆ ಪ್ರತಿ ಅಪ್‌ಡೇಟ್ ಜೊತೆ ಒಂದು ಹಾಳೆ ಬರುತ್ತದೆ. ಯಾವ ಕೋಡ್, ಎಲ್ಲಿಂದ ಬಂತು, ಯಾವ ಲೈಸೆನ್ಸ್, ಯಾವ ಗುರುತು ಅಂತ ಅದರಲ್ಲಿರುತ್ತದೆ. ಬಿಲ್ ಫೈಲ್ ಜೊತೆಗೇ ಇಟ್ಟುಕೊಳ್ಳಿ. ನಾಳೆ ನಮ್ಮನ್ನು ಬಿಟ್ಟು ಬೇರೆಯವರಿಂದ ಕೆಲಸ ಮಾಡಿಸಿದರೂ ಅವರಿಗೆ ಅದು ಬೇಕಾಗುತ್ತದೆ.

ನಿಮ್ಮಿಂದ ಒಂದೇ ಕೆಲಸ. ಅಪ್‌ಡೇಟ್ ಆದ ದಿನ ಬೆಳಿಗ್ಗೆ, ವ್ಯಾಪಾರ ಶುರುವಾಗುವ ಮೊದಲು, ಒಂದು ಬಿಲ್ ಪ್ರಿಂಟ್ ತೆಗೆಯಿರಿ. ರೈತರ ಹೆಸರು, ಊರಿನ ಹೆಸರು ಓದಿ. ಚಿಕ್ಕನಾಯಕನಹಳ್ಳಿಯಲ್ಲಿ ಒಂದು ಒತ್ತು ತಪ್ಪಿದ್ದರೂ ಫೋಟೋ ತೆಗೆದು ವಾಟ್ಸಾಪ್ ಮಾಡಿ.

ಇಂತಿ,
ನಿಮ್ಮ ಸಾಫ್ಟ್‌ವೇರ್ ತಂಡ