ಕ್ಯಾಮೆರಾ ಮುಂದೆ ನಿಲ್ಲುವ ಮೊದಲು

ಪ್ರೀತಿಯ ಪುಟ್ಟಿಗೆ ಅಕ್ಕನ ಆಶೀರ್ವಾದಗಳು.

ನಾನಿಲ್ಲಿ ಕ್ಷೇಮ. ಅಪ್ಪ, ಅಮ್ಮನಿಗೆ ನಮಸ್ಕಾರ ತಿಳಿಸು. ಮೊದಲ ಫೋಟೋಶೂಟ್‌ಗೆ ಒಪ್ಪಿಕೊಂಡಿದ್ದೀಯ ಎಂದು ತಿಳಿದು ಸಂತೋಷವಾಯಿತು. ಆದರೆ ಏನು ಮಾತಾಯಿತು ಎಂದು ಕೇಳಿದ್ದಕ್ಕೆ 'ಸ್ವಲ್ಪ ಬೋಲ್ಡ್ ಲುಕ್ ಅಂತೆ' ಎಂದಷ್ಟೇ ಹೇಳಿದೆ. ಅದಕ್ಕೇ ಈ ಪತ್ರ.

'ಬೋಲ್ಡ್', 'ಗ್ಲಾಮರ್' ಎಂಬ ಮಾತುಗಳಿಗೆ ಅಳತೆಯೇ ಇಲ್ಲ. ಒಬ್ಬರಿಗೆ ತೋಳಿಲ್ಲದ ಉಡುಪು ಬೋಲ್ಡ್, ಇನ್ನೊಬ್ಬರಿಗೆ ಒಳ ಉಡುಪಿನ ಚಿತ್ರ. ಯಾರೂ ಸುಳ್ಳು ಹೇಳದೆಯೂ ಸ್ಟುಡಿಯೋದಲ್ಲಿ ಮನಸ್ತಾಪವಾಗುತ್ತದೆ. 'ಇಷ್ಟು ಆಗಬಹುದು' ಎನ್ನುವ ಐದಾರು ಮಾದರಿ ಚಿತ್ರ, 'ಇದು ಬೇಡ' ಎನ್ನುವ ಎರಡು ಮೂರು ಚಿತ್ರ ಫೋಟೋಗ್ರಾಫರ್‌ಗೆ ಕಳಿಸು. ಅವರ ಮನಸ್ಸಿನಲ್ಲಿರುವುದನ್ನೂ ಚಿತ್ರದಲ್ಲೇ ತರಿಸಿಕೊ.

ಫೋನಿನಲ್ಲಿ ಮಾತಾಡಿದ್ದನ್ನು ಅದೇ ದಿನ ಮೆಸೇಜಿನಲ್ಲಿ ಬರೆದು 'ಸರಿ ತಾನೆ?' ಎಂದು ಕೇಳಿ ಉತ್ತರ ಪಡೆ. ಜಾಗ, ಶುರುವಾಗುವ ಮತ್ತು ಮುಗಿಯುವ ಹೊತ್ತು, ಎಷ್ಟು ಉಡುಪು, ಅಲ್ಲಿ ಯಾರ್ಯಾರು ಇರುತ್ತಾರೆ, ಬಟ್ಟೆ ಬದಲಿಸಲು ಬಾಗಿಲಿರುವ ಕೋಣೆ ಇದೆಯೇ, ಸಿಗುವುದು ಹಣವೋ ಚಿತ್ರಗಳೋ, ಎಲ್ಲವೂ ಬರಲಿ. 'ಬೇಗ ಕೊಡ್ತೀನಿ' ಎನ್ನುವುದು ಸಾಲದು. 'ಎಡಿಟ್ ಮಾಡಿದ 10 ಚಿತ್ರ, 3 ವಾರದೊಳಗೆ' ಎಂದಿರಬೇಕು. ಜೊತೆಗೊಬ್ಬರನ್ನು ಕರೆದೊಯ್ಯುವುದಾದರೆ ಮೊದಲೇ ತಿಳಿಸು. ಕಾರಣ ಹೇಳದೆ 'ಯಾರೂ ಬರಕೂಡದು' ಎನ್ನುವವರ ಕೆಲಸ ಬಿಟ್ಟುಬಿಡು, ನನಗದರಲ್ಲಿ ಎರಡನೇ ಯೋಚನೆಯಿಲ್ಲ.

ಶೂಟ್ ದಿನ ಒಂದನ್ನು ಗಟ್ಟಿಯಾಗಿ ಹಿಡಿದುಕೊ: ಒಪ್ಪಿದ್ದನ್ನು ಕಡಿಮೆ ಮಾಡಬಹುದು, ಸ್ಥಳದಲ್ಲೇ ಹೆಚ್ಚು ಮಾಡುವಂತಿಲ್ಲ. ಒತ್ತಾಯ ಹೆಚ್ಚಾಗಿ ಆರಂಭದಲ್ಲಿ ಬರುವುದಿಲ್ಲ. ಮೂರು ಗಂಟೆ ನಿಂತು ಕಾಲು ಸೋತ ಮೇಲೆ, ನಗು ಮಾತು ಬೆಳೆದು ಬೇಡವೆನ್ನಲು ಸಂಕೋಚವಾಗುವ ಹೊತ್ತಿಗೆ, 'ಇನ್ನೊಂದೇ ಒಂದು, ಭುಜದ ಮೇಲಿಂದ ಸ್ವಲ್ಪ ಜಾರಿಸಿ' ಎಂದು ಬರುತ್ತದೆ. 'ಇದು ನಮ್ಮ ಮಾತಿನಲ್ಲಿ ಇರಲಿಲ್ಲ' ಎಂದರೆ ಸಾಕು, ಕಾರಣ ಕೊಡಬೇಕಿಲ್ಲ. ಮುಕ್ಕಾಲು ಗಂಟೆಗೊಮ್ಮೆ ಐದು ನಿಮಿಷ ಬಿಡುವು ಕೇಳಿಕೊ. ದಣಿದಾಗ ಯಾರಿಗಾದರೂ ಹೂಂ ಎನ್ನುವುದೇ ಸುಲಭ.

ಕೂದಲು, ಬಟ್ಟೆ ಸರಿಪಡಿಸಲು ಮುಟ್ಟುವ ಮೊದಲು ಪ್ರತಿ ಸಲವೂ ಕೇಳಬೇಕು. ಭಂಗಿಯನ್ನು ಬಾಯಲ್ಲಿ ಹೇಳಬಹುದು, ತಾವೇ ನಿಂತು ತೋರಿಸಬಹುದು. 'ಎಡಕ್ಕೆ' ಎಂದರೆ ನಿನ್ನ ಎಡವೋ ಕ್ಯಾಮೆರಾದ ಎಡವೋ ಎಂದು ಮೊದಲೇ ತೀರ್ಮಾನಿಸಿಕೊಳ್ಳಿ. ಆ ಗೊಂದಲದಲ್ಲೇ ಗಲ್ಲ ಹಿಡಿದು ತಿರುಗಿಸುವುದು ಶುರುವಾಗುತ್ತದೆ.

ಉಡುಪು ಜಾರಿದಾಗ ಕ್ಲಿಕ್ ಆಯಿತೆನಿಸಿದರೆ ಆಗಲೇ ತೋರಿಸಲು ಹೇಳಿ ಅಳಿಸು. ಎರಡು ಕಾರ್ಡ್ ಹಾಕುವ ಕ್ಯಾಮೆರಾದಲ್ಲಿ ಒಂದರಿಂದ ಅಳಿಸಿದರೂ ಇನ್ನೊಂದರಲ್ಲಿ ಪ್ರತಿ ಉಳಿದಿರಬಹುದು. ಕೇಬಲ್ ಹಾಕಿ ಲ್ಯಾಪ್‌ಟಾಪಿಗೆ ಜೋಡಿಸಿದ್ದರೆ ಅಲ್ಲೂ ಇರುತ್ತದೆ. ಅಳಿಸಿದ್ದನ್ನು ಮರಳಿ ತೆಗೆಯಲೂ ಬರುತ್ತದೆ, ಹಾಗಾಗಿ 'ಮಾಡೆಲ್ ಬೇಡವೆಂದ ಚಿತ್ರ ಇಟ್ಟುಕೊಳ್ಳುವುದಿಲ್ಲ, ಬಳಸುವುದಿಲ್ಲ' ಎಂಬ ಸಾಲು ಮೊದಲೇ ಬರಹದಲ್ಲಿರಲಿ. ಸಹಾಯಕರು ಫೋನಿನಲ್ಲಿ ತೆಗೆಯುವ ವಿಡಿಯೋಗೂ ಇದೇ ಮಾತು.

ಇನ್ನು ಮಾಡೆಲ್ ರಿಲೀಸ್, ಅಂದರೆ ನಿನ್ನ ಚಿತ್ರವನ್ನು ಎಲ್ಲಿ, ಎಷ್ಟು ಕಾಲ ಬಳಸಬಹುದೆನ್ನುವ ಒಪ್ಪಿಗೆ ಪತ್ರ. 'ಯಾವುದೇ ಉದ್ದೇಶಕ್ಕೆ, ಯಾವುದೇ ಮಾಧ್ಯಮದಲ್ಲಿ, ಶಾಶ್ವತವಾಗಿ' ಎಂದಿದ್ದರೆ ಹೊಡೆದುಹಾಕಿ, 'ಪೋರ್ಟ್‌ಫೋಲಿಯೋ (ಕೆಲಸದ ಮಾದರಿ ಚಿತ್ರಗಳ ಸಂಗ್ರಹ), 2 ವರ್ಷ' ಎಂಬಂತೆ ಬರೆದು ಪಕ್ಕದಲ್ಲಿ ಇಬ್ಬರೂ ಸಹಿ ಹಾಕಿ. ಮೈಬಣ್ಣ, ಮೈಕಟ್ಟು ಬದಲಿಸುವುದು, ಎಐ ಬಳಸಿ ನಿನ್ನ ಮುಖದಿಂದ ಹೊಸ ಚಿತ್ರ ಹುಟ್ಟಿಸುವುದು ಬೇಡವಾದರೆ ಅದನ್ನೂ ಬರೆಯಬೇಕು. ಬರೆಯದೆ ಬಿಟ್ಟದ್ದನ್ನು ಆಮೇಲೆ ವಾದಿಸುವುದು ಕಷ್ಟ.

ನಿನ್ನ ಕಡೆಯಿಂದಲೂ ಮಾತು ತಪ್ಪಬಾರದು. ರದ್ದು ಮಾಡುವುದಾದರೆ 48 ಗಂಟೆ ಮೊದಲೇ ತಿಳಿಸು, ಸ್ಟುಡಿಯೋ ಬಾಡಿಗೆ ಅವರ ತಲೆಯ ಮೇಲಿರುತ್ತದೆ. ಬಿಗಿ ಬಟ್ಟೆಯ ಗುರುತು ಮೈಮೇಲೆ ಮೂಡದಂತೆ ಸಡಿಲ ಉಡುಪಿನಲ್ಲಿ ಹೋಗು.

ಶೂಟ್‌ನ ಜಾಗ, ಹೊತ್ತು ಅಮ್ಮನಿಗೆ ಬರೆದುಕೊಡು. ರಿಲೀಸ್‌ಗೆ ಸಹಿ ಹಾಕುವ ಮೊದಲು ಅದರ ಒಂದು ಪ್ರತಿಯನ್ನು ನನಗೆ ಕಳಿಸು, ಓದಿ ಅದೇ ದಿನ ಉತ್ತರಿಸುತ್ತೇನೆ.

ನಿನ್ನ ಅಕ್ಕ